ಕೆಲಸ ಬಿಟ್ಟ ಗುಮಾಸ್ತ ಸದಸ್ಯರ ಆಧಾರ್ ಪ್ರತಿ, ಫೋನ್ ಪಟ್ಟಿ ಕೊಂಡು ಹೋದರೆ ಕೇಸು ಯಾರ ಮೇಲೆ, ಆಡಳಿತ ಮಂಡಳಿ ಮಾಡಬೇಕಾದ್ದೆಂತ?

ಕಾಪು ದೀಪಸ್ತಂಭ (ಪ್ರಶ್ನೆ)

ಉಡುಪಿ ಜಿಲ್ಲೆಯ ಒಂದು ಸಣ್ಣ ಪತ್ತಿನ ಸಹಕಾರಿಯ ವಿಷಯ. ಹೆಸರು ಬೇಡ. ಎರಡು ಶಾಖೆ, ಆರು ಜನ ಸಿಬ್ಬಂದಿ, ನಾಲ್ಕು ಪಿಗ್ಮಿ ಸಂಗ್ರಾಹಕರು. ಚಿನ್ನದ ಸಾಲದ ಕೌಂಟರಿನಲ್ಲಿದ್ದ ಗುಮಾಸ್ತ ಕಳೆದ ತಿಂಗಳು ರಾಜೀನಾಮೆ ಕೊಟ್ಟು ಹೋದ. ಈಗ ಒಂದೊಂದೇ ಹೊರಗೆ ಬರ್ತಾ ಉಂಟು.

ಹೋಗುವ ಎರಡು ದಿನ ಮೊದಲು ಸಾಫ್ಟ್‌ವೇರಿನಿಂದ ಇಡೀ ಸದಸ್ಯರ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿ ತನ್ನ ಸ್ವಂತ ಇಮೇಲಿಗೆ ಕಳಿಸಿದ್ದಾನೆ. ಆಧಾರ್, ಪ್ಯಾನ್ ಸ್ಕ್ಯಾನ್‌ಗಳ ಫೋಲ್ಡರ್ ಪೆನ್‌ಡ್ರೈವಿಗೆ ಹೋಗಿದೆ ಅಂತ ಸಂಶಯ. ಒಂದು ಖಾಸಗಿ ಫೈನಾನ್ಸಿನ ಏಜೆಂಟರು ನಮ್ಮ ಸದಸ್ಯರಿಗೆ ಫೋನ್ ಮಾಡಿ, ಅಡವಿಟ್ಟ ಚಿನ್ನದ ತೂಕ, ಬಾಕಿ ದಿನಾಂಕ ಸಮೇತ ಹೇಳಿ, ಗ್ರಾಮಿಗೆ ಹೆಚ್ಚು ಕೊಡ್ತೇವೆ ಅಂತಿದ್ದಾರೆ. ಇಬ್ಬರು ಸದಸ್ಯರ ಕ್ರೆಡಿಟ್ ವರದಿಯಲ್ಲಿ ಅವರು ತೆಗೆಯದ ಆ್ಯಪ್ ಸಾಲ ಕಾಣ್ತದೆ, ಇಬ್ಬರೂ ಹೆಂಗಸರು. ಇದಲ್ಲದೆ ಒಂದು ಹೆಚ್ಚುವರಿ ಚಿನ್ನದ ಸಾಲದ ಅರ್ಜಿಯಲ್ಲಿರುವ ಸಹಿ ತನ್ನದಲ್ಲ ಅಂತ ಇನ್ನೊಬ್ಬ ಸದಸ್ಯರು ಹೇಳ್ತಿದ್ದಾರೆ.

ಗೊತ್ತಾಗಬೇಕಾದ್ದು: ಯಾವ ಕಲಮು ನಿಲ್ತದೆ? ನಿರ್ದೇಶಕರೂ ಆರೋಪಿಗಳಾಗ್ತಾರಾ? ಯಾರಿಗೆ, ಎಷ್ಟು ಸಮಯದೊಳಗೆ ತಿಳಿಸಬೇಕು? ಮಂಡಳಿಯಲ್ಲಿ ಕೆಲವರು ಪೆನ್‌ಡ್ರೈವ್ ವಾಪಸ್ ತೆಗೆದುಕೊಂಡು, ಮುಚ್ಚಳಿಕೆ ಬರೆಸಿ ಮುಗಿಸುವ ಅಂತಾರೆ. ಕೆಲಸಕ್ಕೆ ಸೇರುವಾಗ ಗೌಪ್ಯತಾ ಒಪ್ಪಂದ ಮಾಡಿಸಿರಲಿಲ್ಲ; ಈಗ ಹಳೇ ತಾರೀಕಿಗೆ ಒಂದು ಮಾಡಿಡುವ ಅಂತಲೂ ಮಾತು ಉಂಟು.

ಬಲ್ಮಠ ರಸ್ತೆ

ಕೊನೆಯದಕ್ಕೆ ಮೊದಲು ಉತ್ತರ. ಹಳೇ ತಾರೀಕಿನ ಒಪ್ಪಂದ ಮಾಡ್ಲಿಕ್ಕೆ ಯಾರು ಹೇಳಿದರೂ ಹೋಗಬೇಡಿ. ಇ-ಸ್ಟಾಂಪ್ ಪ್ರಮಾಣಪತ್ರದಲ್ಲಿ ಅದು ಕೊಟ್ಟ ದಿನ, ಹೊತ್ತು ಎರಡೂ ಅಚ್ಚಾಗಿರ್ತದೆ. ಬಿಳಿ ಹಾಳೆಯಲ್ಲಿ ಟೈಪ್ ಮಾಡಿದರೂ ಫೈಲ್ ಹುಟ್ಟಿದ ದಿನ ಕಂಪ್ಯೂಟರಿನಲ್ಲಿ ಉಳೀತದೆ. ಬಿಎನ್‌ಎಸ್ (ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) 336ರ ಪ್ರಕಾರ ಅದು ಫೋರ್ಜರಿ. ಪೊಲೀಸರಿಗೋ ಕೋರ್ಟಿಗೋ ಅದನ್ನೇ ಸಾಕ್ಷಿಯಾಗಿ ಕೊಟ್ಟರೆ 229ರಡಿ ಸುಳ್ಳು ಸಾಕ್ಷ್ಯ ಸೃಷ್ಟಿ, 7 ವರ್ಷದವರೆಗೆ ಶಿಕ್ಷೆ. ಡೇಟಾ ನಕಲು ಮಾಡಿದ ಗುಮಾಸ್ತನಿಗೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಲ್ಲಿ ಇರುವುದು ಹೆಚ್ಚೆಂದರೆ 3 ವರ್ಷ. ಅವನ ತಪ್ಪಿಗಿಂತ ದೊಡ್ಡ ತಪ್ಪನ್ನು ಮಂಡಳಿ ತಲೆ ಮೇಲೆ ಹಾಕಿಕೊಂಡ ಹಾಗೆ.

ಆ ಒಪ್ಪಂದದ ಅಗತ್ಯವೂ ಇಲ್ಲ. ಐಟಿ ಕಾಯ್ದೆಯ 72ಎ ಓದಿ ನೋಡಿ. ಕಾನೂನುಬದ್ಧ ಕರಾರಿನಡಿ ಸೇವೆ ಕೊಡುವಾಗ ಕೈಗೆ ಬಂದ ಇನ್ನೊಬ್ಬರ ವೈಯಕ್ತಿಕ ಮಾಹಿತಿಯನ್ನು, ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಅಥವಾ ಕರಾರು ಮುರಿದು, ಬೇರೆಯವರಿಗೆ ಕೊಟ್ಟರೆ ಅಪರಾಧ. ನೇಮಕಾತಿ ಪತ್ರವೇ ಕರಾರು. ಆ 'ಅಥವಾ' ಇರುವ ಕಾರಣ ಗೌಪ್ಯತೆಯ ಷರತ್ತು ಬರೆಯದಿದ್ದರೂ, ಸದಸ್ಯರ ಒಪ್ಪಿಗೆ ಇರಲಿಲ್ಲ ಎಂಬುದೇ ಸಾಕಾಗ್ತದೆ. ಆದರೆ ಅಕ್ರಮ ಲಾಭ ಮಾಡುವ ಅಥವಾ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶ, ಇಲ್ಲವೇ ಹಾಗಾಗಬಹುದೆಂಬ ಅರಿವು ತೋರಿಸಬೇಕು. ಫೈನಾನ್ಸಿನವರು ಚಿನ್ನದ ತೂಕ ಹೇಳಿ ಫೋನ್ ಮಾಡ್ತಾರಲ್ಲ, ಅದು ಇಲ್ಲಿ ಕೆಲಸಕ್ಕೆ ಬರ್ತದೆ. ಯಾವ ಸದಸ್ಯರಿಗೆ, ಯಾವ ನಂಬರಿನಿಂದ, ಎಷ್ಟು ಗಂಟೆಗೆ ಕರೆ ಬಂತು, ಏನು ಹೇಳಿದರು ಎಂದು ಇವತ್ತೇ ಬರೆದಿಟ್ಟುಕೊಳ್ಳಿ. ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡದ ಮಿತಿ 5 ಲಕ್ಷ ಇದ್ದದ್ದು 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯಲ್ಲಿ 25 ಲಕ್ಷ ಆಯಿತು. ಹಳೇ ಪುಸ್ತಕ ನೋಡಿ ದೂರು ಬರೆಯುವವರು ಇನ್ನೂ 5 ಲಕ್ಷ ಅಂತಲೇ ಬರೀತಾರೆ.

ಮಾಲೀಕರ ಅನುಮತಿ ಇಲ್ಲದೆ ಡೇಟಾ ಇಳಿಸುವುದು, ನಕಲು ಮಾಡುವುದು 43(ಬಿ). ಅದಷ್ಟೇ ಆದರೆ ಪರಿಹಾರದ ವಿಷಯ. ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಮಾತ್ರ 66ರಡಿ ಅಪರಾಧ: 3 ವರ್ಷ, 5 ಲಕ್ಷ ದಂಡ. ದೂರು ಸೋಲುವುದು ಹೆಚ್ಚಾಗಿ ಇಲ್ಲಿಯೇ. 'ಡೇಟಾ ಕದ್ದಿದ್ದಾನೆ' ಎಂದು ಒಂದು ಸಾಲು ಬರೆದು ಕೊಟ್ಟರೆ, ಕೆಲಸದ ಭಾಗವಾಗಿ ಪಟ್ಟಿ ಇಳಿಸಿದ್ದೆ ಅಂತ ಅವನು ಹೇಳಿದ ಕೂಡಲೇ ಬಿದ್ದು ಹೋಗ್ತದೆ. ಪಟ್ಟಿ ಇಳಿಸಲು ಆ ದಿನ ಕೆಲಸದ ಕಾರಣ ಇರಲಿಲ್ಲ, ಸ್ವಂತ ಇಮೇಲಿಗೆ ಕಳಿಸಲು ಯಾರೂ ಹೇಳಿರಲಿಲ್ಲ, ಕಳಿಸಿದ ನಂತರ ಕಳಿಸಿದ ಮೇಲ್ ಅಳಿಸಿದ್ದಾನೆ (ಹಾಗೆ ಆಗಿದ್ದರೆ), ಎರಡು ದಿನ ಕಳೆದು ಕೆಲಸ ಬಿಟ್ಟಿದ್ದಾನೆ. ಅಪ್ರಾಮಾಣಿಕತೆ ಈ ಸರಪಳಿಯಿಂದ ಸಾಬೀತಾಗಬೇಕು, ವಿಶೇಷಣಗಳಿಂದ ಅಲ್ಲ.

ಆ್ಯಪ್ ಸಾಲ ಬೇರೆಯೇ ವಿಷಯ. ಬೇರೆಯವರ ಗುರುತು ಬಳಸಿದ್ದಕ್ಕೆ 66ಸಿ, ಕಂಪ್ಯೂಟರ್ ಮೂಲಕ ವೇಷಾಂತರದ ವಂಚನೆಗೆ 66ಡಿ. ಎರಡರಲ್ಲೂ 3 ವರ್ಷದವರೆಗೆ, ದಂಡ 1 ಲಕ್ಷದವರೆಗೆ. ಆದರೆ ಆ ಸಾಲ ನಿಮ್ಮ ಗುಮಾಸ್ತನೇ ತೆಗೆದದ್ದು ಅಂತ ದೂರಿನಲ್ಲಿ ಬರೀಬೇಡಿ. ಅದು ನಿಮಗೆ ಗೊತ್ತಿಲ್ಲ. ಆಧಾರ್ ಪ್ರತಿ ಜೆರಾಕ್ಸ್ ಅಂಗಡಿಯಿಂದ, ಸಿಮ್ ಮಾರುವವನಿಂದ ಕೂಡ ಹೋಗಿರಬಹುದು. 'ನಮ್ಮಲ್ಲಿದ್ದ ಪ್ರತಿ ಬಳಕೆಯಾದ ಸಂಶಯ ಇದೆ, ತನಿಖೆ ಮಾಡಿ' ಅಂತ ಬರೆಯಿರಿ. ಗೊತ್ತಿದ್ದು ಸುಳ್ಳು ಮಾಹಿತಿ ಕೊಟ್ಟರೆ ಬಿಎನ್‌ಎಸ್ 217 ನಿಮ್ಮ ಮೇಲೇ ಬರ್ತದೆ.

ಸಹಿ ಪ್ರಕರಣದಲ್ಲಿ 336(3), 340(2), 318(4), ಗುಮಾಸ್ತ ಆದ್ದರಿಂದ ನಂಬಿಕೆ ದ್ರೋಹದ 316(4). ಈ 316(4)ಕ್ಕೆ 7 ವರ್ಷದವರೆಗೆ ಉಂಟು. ಮುಂದೆ ಪಿಗ್ಮಿ ಸಂಗ್ರಾಹಕರ ಹೆಸರು ಬಂದರೆ ಅವರು ನೌಕರರಾ, ಏಜೆಂಟರಾ ಎಂಬುದು ದೊಡ್ಡ ಪ್ರಶ್ನೆಯಾಗ್ತದೆ. ವ್ಯವಹಾರದ ಏಜೆಂಟ್ ಅಂತಾದರೆ 316(5), ಅದರಲ್ಲಿ 10 ವರ್ಷ ಅಥವಾ ಜೀವಾವಧಿವರೆಗೆ. ಅವರ ಕರಾರು ಪತ್ರ ಈಗಲೇ ಹುಡುಕಿಡಿ.

ಲಾಗ್‌ಬುಕ್

ಬಲ್ಮಠ ರಸ್ತೆಯ ವಕೀಲರು ಕಲಮು ಹೇಳಿದ್ದಾರೆ. ಅದಕ್ಕೆ ಬೇಕಾದ ಸಾಕ್ಷ್ಯ ಈ ಹೊತ್ತಿಗೂ ಅಳಿಸಿ ಹೋಗ್ತಾ ಉಂಟು ಎಂಬುದು ನನ್ನ ಚಿಂತೆ. ಅವನು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಈಗ ಬೇರೆಯವರು ಕೆಲಸ ಮಾಡ್ತಿದ್ದಾರಾ? ಹಾಗಾದರೆ ಇದನ್ನು ಓದಿದ ಕೂಡಲೇ ನಿಲ್ಲಿಸಿ, ಬಂದ್ ಮಾಡಿ, ವಯರ್ ತೆಗೆದು, ಪೆಟ್ಟಿಗೆಗೆ ಹಾಕಿ, ಅಂಟಿಸಿ, ಮೇಲೆ ಇಬ್ಬರ ಸಹಿ, ದಿನಾಂಕ, ಗಂಟೆ. ಒಳಗೆ ಎಸ್‌ಎಸ್‌ಡಿ (ಚಿಪ್ ಮಾದರಿಯ ಡಿಸ್ಕ್) ಇದ್ದರೆ ಅಳಿಸಿದ ಫೈಲಿನ ಜಾಗವನ್ನು ಅದು ತಾನಾಗಿಯೇ ಖಾಲಿ ಮಾಡ್ತಾ ಹೋಗ್ತದೆ. ಕರೆಂಟು ಹಾಕಿಟ್ಟಷ್ಟು ಹೊತ್ತು ನಷ್ಟ. 'ಸ್ವಲ್ಪ ತೆರೆದು ನೋಡುವ' ಅಂತ ಊರಿನ ಕಂಪ್ಯೂಟರ್ ರಿಪೇರಿಯವರನ್ನು ಕೂರಿಸಬೇಡಿ. ತೆರೆದ ಫೈಲುಗಳ ಕೊನೆಯ ಬಳಕೆಯ ಸಮಯ ಬದಲಾಗಬಹುದು, ಆಮೇಲೆ ಆರೋಪಿಯ ವಕೀಲರಿಗೆ ಅಷ್ಟೇ ಸಾಕು. ಪ್ರತಿ ತೆಗೆಯುವುದಾದರೆ ರೈಟ್ ಬ್ಲಾಕರ್ (ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಹಾಕಿ ಇಡೀ ಡಿಸ್ಕಿನ ಇಮೇಜ್ ತೆಗೆಯುವವರು ಬೇಕು.

ಪೆನ್‌ಡ್ರೈವಿನ ಸಂಶಯ ಅಂದಿರಿ. ವಿಂಡೋಸ್ ತನ್ನ ರಿಜಿಸ್ಟ್ರಿಯ ಯುಎಸ್‌ಬಿಸ್ಟೋರ್ ಭಾಗದಲ್ಲಿ ಚುಚ್ಚಿದ ಪೆನ್‌ಡ್ರೈವಿನ ಕಂಪನಿ, ಮಾದರಿ, ಹೆಚ್ಚಿನವುಗಳ ಸರಣಿ ಸಂಖ್ಯೆಯನ್ನೂ ಇಟ್ಟುಕೊಂಡಿರ್ತದೆ. ಮೊದಲು ಚುಚ್ಚಿದ ಸಮಯ ಬೇರೆ ಲಾಗ್ ಫೈಲಿನಲ್ಲಿ ಸಿಗ್ತದೆ. ಮುಂದೆ ಪೊಲೀಸರು ಅವನ ಮನೆಯಿಂದ ಪೆನ್‌ಡ್ರೈವ್ ಜಪ್ತಿ ಮಾಡಿದರೆ ಎರಡು ಸಂಖ್ಯೆ ತಾಳೆಯಾಗಬೇಕು. ಮುಚ್ಚಳಿಕೆ ಬರೆಸಿ ನೀವೇ ಪೆನ್‌ಡ್ರೈವ್ ತೆಗೆದುಕೊಂಡರೆ ಜಪ್ತಿ ಪಂಚನಾಮೆ ಇರುವುದಿಲ್ಲ, ಅದು ಯಾರ ಕೈಯಲ್ಲಿ ಎಷ್ಟು ದಿನ ಇತ್ತು ಹೇಳ್ಲಿಕ್ಕೆ ಆಗುವುದಿಲ್ಲ. ಅದರಿಂದ ಎಷ್ಟು ಪ್ರತಿ ಆಗಿದೆ ಎಂಬುದಂತೂ ಗೊತ್ತೇ ಆಗುವುದಿಲ್ಲ.

ಸಾಫ್ಟ್‌ವೇರ್ ಕಂಪನಿಯವರಿಗೆ ಇವತ್ತೇ ಲಿಖಿತ ಮೇಲ್ ಹಾಕಿ: ಆ ಬಳಕೆದಾರ ಗುರುತಿನ ಕಳೆದ 180 ದಿನಗಳ ಲಾಗಿನ್, ವರದಿ ಇಳಿಕೆ, ಪ್ರಿಂಟ್ ಲಾಗ್ ತೆಗೆದಿಡಿ, ಅಳಿಸಬೇಡಿ ಎಂದು. 180 ದಿನ ಯಾಕೆಂದರೆ, ಸರ್ಟ್-ಇನ್ (ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ಕ್ಕೆ ಕೊಟ್ಟ ನಿರ್ದೇಶನದ ಪ್ರಕಾರ ಅಷ್ಟು ದಿನದ ಲಾಗ್ ಇಡುವುದು ಕಡ್ಡಾಯ. 'ಲಾಗ್ ಆನ್ ಮಾಡಿರಲಿಲ್ಲ' ಅಂತ ಉತ್ತರ ಬಂದರೆ ಆ ಉತ್ತರವನ್ನೂ ಜೋಪಾನ ಮಾಡಿ.

ಲಾಗ್ ಹೇಳುವುದು ಯಾವ ಲಾಗಿನ್ ಎಂದು, ಯಾವ ಮನುಷ್ಯ ಎಂದಲ್ಲ. ಸಣ್ಣ ಸಂಸ್ಥೆಗಳಲ್ಲಿ ಮ್ಯಾನೇಜರರ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರ್ತದೆ, ಕೌಂಟರಿಗೆ ಅಂಟಿಸಿಟ್ಟದ್ದೂ ಇರ್ತದೆ. ಹಾಗಿದ್ದರೆ ಆರೋಪಿಗೆ ಅದಕ್ಕಿಂತ ಒಳ್ಳೆ ರಕ್ಷಣೆ ಬೇರೆ ಇಲ್ಲ. ಆದ್ದರಿಂದ ಮೂರನ್ನು ಒಟ್ಟಿಗೆ ಇಡಬೇಕು: ಲಾಗಿನ ನಿಮಿಷ, ಹಾಜರಾತಿ ಪುಸ್ತಕ ಅಥವಾ ಬೆರಳಚ್ಚು ಯಂತ್ರದ ದಾಖಲೆ, ಸಿಸಿಟಿವಿ. ಸಿಸಿಟಿವಿಯ ಡಿವಿಆರ್ ಹೆಚ್ಚಾಗಿ 15ರಿಂದ 30 ದಿನಕ್ಕೆ ತನ್ನ ಮೇಲೆಯೇ ಬರೆದುಕೊಳ್ತದೆ. ನಿಮ್ಮದು ಕಳೆದ ತಿಂಗಳ ವಿಷಯ. ಕ್ಲಿಪ್ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದಲ್ಲ, ಹಾರ್ಡ್‌ಡಿಸ್ಕನ್ನೇ ತೆಗೆದು ಮೊಹರು ಮಾಡಿ, ಡಿವಿಆರಿಗೆ ಹೊಸದು ಹಾಕಿ. ತೆಗೆಯುವ ಮೊದಲು ಡಿವಿಆರ್ ತೋರಿಸುವ ಗಂಟೆಯ ಫೋಟೋವನ್ನು, ಪಕ್ಕದಲ್ಲಿ ಫೋನಿನ ಗಂಟೆ ಕಾಣುವ ಹಾಗೆ, ತೆಗೆದಿಡಿ. ಡಿವಿಆರ್ ಗಡಿಯಾರ ಹತ್ತು-ಹದಿನೈದು ನಿಮಿಷ ತಪ್ಪಿರುವುದು ಸಾಮಾನ್ಯ; ಆ ವ್ಯತ್ಯಾಸ ಮೊದಲೇ ಬರೆದಿಡದಿದ್ದರೆ ಲಾಗಿನಲ್ಲಿ 4.10ಕ್ಕೆ ಆದದ್ದು ಕ್ಯಾಮೆರಾದಲ್ಲಿ 3.55ಕ್ಕೆ ಕಾಣ್ತದೆ, ಕ್ಯಾಮೆರಾದ 4.10ರಲ್ಲಿ ಕುರ್ಚಿ ಖಾಲಿ ಇರ್ತದೆ.

ಇಳಿಸಿದ ಎಕ್ಸೆಲ್ ಫೈಲ್ ಸಂಸ್ಥೆಯ ಮೇಲ್ ಸರ್ವರಿನಲ್ಲಿ ಸಿಕ್ಕಿದರೆ ತೆರೆದು ಸೇವ್ ಮಾಡಬೇಡಿ. ಮೊದಲು ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ತೆಗೆಯಿರಿ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎಸ್‌ಎಚ್‌ಎ-256 ತೆಗೆದರೆ 64 ಅಕ್ಷರದ ಒಂದು ಸಾಲು ಬರ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಬದಲಾಗ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯುವ ಜಾಗ ಉಂಟು. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ನಮೂನೆಯನ್ನೇ ಈಗಲೂ ಟೈಪ್ ಮಾಡಿ ಕೊಡುವವರು ಇದ್ದಾರೆ. 2024ರ ಜುಲೈ 1ರಿಂದ ನಮೂನೆ ಬೇರೆ: ಎ ಭಾಗಕ್ಕೆ ಸಾಧನದ ಹೊಣೆ ಇರುವ ನಿಮ್ಮವರ ಸಹಿ, ಬಿ ಭಾಗಕ್ಕೆ ಪರಿಣತರ ಸಹಿ. ಎರಡೂ ಬೇಕು. ಎ ಭಾಗಕ್ಕೆ ಅಧ್ಯಕ್ಷರು ಸಹಿ ಹಾಕುವುದು ತಪ್ಪು ಆಯ್ಕೆ. ಅವರು ಆ ಯಂತ್ರ ಮುಟ್ಟಿರುವುದಿಲ್ಲ, ಪಾಟೀಸವಾಲಿನಲ್ಲಿ ಸಿಕ್ಕಿಹಾಕಿಕೊಳ್ತಾರೆ. ದಿನಾ ಅದನ್ನು ನಡೆಸುವವರು ಹಾಕಲಿ.

ಕಾಪು ದೀಪಸ್ತಂಭ

ಕಂಪ್ಯೂಟರ್ ಮೊಹರು ಮಾಡಿಸಿದೆವು. ಡಿವಿಆರ್ 30 ದಿನದ್ದು, ನಾಳೆಗೆ 27 ದಿನ ಆಗ್ತದೆ, ಡಿಸ್ಕ್ ತೆಗೆದಾಯ್ತು, ಗಂಟೆಯ ಫೋಟೋ ಸಹ. ತಿಳಿಸುವ ಗಡುವಿನ ಬಗ್ಗೆ ಯಾರಾದರೂ ಹೇಳ್ತೀರಾ? ನಿರ್ದೇಶಕರಿಗೆ ಭಯ ಇರುವುದು ಅದರದ್ದು. ಒಬ್ಬರು 250 ಕೋಟಿ ದಂಡ, ಜೈಲು ಅಂತ ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಗ್ರೂಪಿಗೆ ಹಾಕಿದ್ದಾರೆ.

ಲಾಗ್‌ಬುಕ್

250 ಕೋಟಿಯ ಮಾತು ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ. ಅದರಲ್ಲಿ ಜೈಲು ಇಲ್ಲವೇ ಇಲ್ಲ. ಆ ಕಾಯ್ದೆಯಡಿಯ ದತ್ತಾಂಶ ಮಂಡಳಿ (ನಿಮ್ಮ ಆಡಳಿತ ಮಂಡಳಿ ಅಲ್ಲ) ಹಾಕುವ ಹಣದ ದಂಡ ಮಾತ್ರ: ಭದ್ರತೆ ಇಡದಿದ್ದರೆ 250 ಕೋಟಿವರೆಗೆ, ಸೋರಿಕೆ ತಿಳಿಸದಿದ್ದರೆ 200 ಕೋಟಿವರೆಗೆ, ಅದು ಮೇಲಿನ ಮಿತಿ, ಪ್ರಕರಣದ ಗಾತ್ರ ನೋಡಿ ಹಾಕುವುದು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ. ಆಮೇಲೆ ಸೋರಿಕೆಯಾದರೆ ದತ್ತಾಂಶ ಮಂಡಳಿಗೂ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಡಮಾಡದೆ ತಿಳಿಸಬೇಕು, ವಿವರವಾದ ವರದಿ ಮಂಡಳಿಗೆ 72 ಗಂಟೆಯೊಳಗೆ. ಅಲ್ಲಿಯವರೆಗೆ ಐಟಿ ಕಾಯ್ದೆಯ 43ಎ ಮತ್ತು 2011ರ ನಿಯಮಗಳು ಇದ್ದೇ ಇವೆ. ಬ್ಯಾಂಕ್ ಖಾತೆಯ ವಿವರದಂಥ ಸೂಕ್ಷ್ಮ ಮಾಹಿತಿಗೆ ಸಾಕಷ್ಟು ಭದ್ರತೆ ಇಡದೆ ನಷ್ಟವಾದರೆ ಸದಸ್ಯರು ಪರಿಹಾರ ಕೇಳಬಹುದು. 5 ಕೋಟಿವರೆಗಿನ ಅರ್ಜಿ ಕೇಳುವುದು ಸಿವಿಲ್ ಕೋರ್ಟ್ ಅಲ್ಲ, 46ರಡಿಯ ನ್ಯಾಯನಿರ್ಣಯ ಅಧಿಕಾರಿ, ಅಂದರೆ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ.

ಜೈಲು ಇರುವ ಗಡುವು ಬೇರೆ. ಅದನ್ನು ಯಾರೂ ಗ್ರೂಪಿಗೆ ಹಾಕುವುದಿಲ್ಲ. ಅದು ಸರ್ಟ್-ಇನ್‌ನ 6 ಗಂಟೆ. ಘಟನೆ ಗಮನಕ್ಕೆ ಬಂದ ಅಥವಾ ಯಾರಾದರೂ ತಂದ 6 ಗಂಟೆಯೊಳಗೆ ವರದಿ ಮಾಡಬೇಕು. ಡೇಟಾ ಸೋರಿಕೆ, ಅನಧಿಕೃತ ಪ್ರವೇಶ, ಗುರುತಿನ ಕಳವು ಎಲ್ಲವೂ ಆ ನಿರ್ದೇಶನದ ಅನುಬಂಧದಲ್ಲಿ ಇವೆ. ಕೇಳಿದ ಮಾಹಿತಿ ಕೊಡದಿದ್ದರೆ, ನಿರ್ದೇಶನ ಪಾಲಿಸದಿದ್ದರೆ 70ಬಿ(7): 1 ವರ್ಷದವರೆಗೆ ಜೈಲು ಅಥವಾ 1 ಕೋಟಿವರೆಗೆ ದಂಡ ಅಥವಾ ಎರಡೂ. ಇದೂ 1 ಲಕ್ಷ ಇದ್ದದ್ದು 2023ರಲ್ಲಿ 1 ಕೋಟಿ ಆದದ್ದು. ಈ ಕಲಮಿನಲ್ಲಿ ಪೊಲೀಸರು ತಾವಾಗಿ ಮುಂದುವರಿಯಲಿಕ್ಕಿಲ್ಲ, ಸರ್ಟ್-ಇನ್ ಅಧಿಕೃತ ಅಧಿಕಾರಿಯ ದೂರಿನ ಮೇಲೆಯೇ ಕೋರ್ಟ್ ಪರಿಗಣಿಸುವುದು.

ನಿಮ್ಮ 6 ಗಂಟೆ ಮುಗಿದಿದೆ. ಮುಗಿಯಿತು ಅಂತ ಬಿಡುವುದಲ್ಲ. ತಡವಾಗಿಯಾದರೂ ಇವತ್ತೇ ವರದಿ ಕಳಿಸಿ, ಗೊತ್ತಾದ ನಿಜವಾದ ದಿನಾಂಕವನ್ನೇ ಬರೆಯಿರಿ. ಗಡುವಿಗೆ ಸರಿಹೊಂದಲಿ ಅಂತ 'ನಿನ್ನೆ ಗೊತ್ತಾಯಿತು' ಎಂದು ಬರೆದರೆ, ತಡ ಎಂಬ ಸಣ್ಣ ಲೋಪದ ಜೊತೆ ಬಿಎನ್‌ಎಸ್ 212ರ ಸುಳ್ಳು ಮಾಹಿತಿಯ ಅಪರಾಧವೂ ಸೇರ್ತದೆ. ವರದಿಯಲ್ಲಿ ಇಷ್ಟು ಸಾಕು: ಏನು ಹೋಯಿತು, ಯಾವ ವ್ಯವಸ್ಥೆಯಿಂದ, ಯಾವಾಗ, ಎಷ್ಟು ಜನರದ್ದು, ಈಗ ಏನು ಮಾಡಿದ್ದೀರಿ, ಮಾತಾಡಲು ಯಾರನ್ನು ಸಂಪರ್ಕಿಸಬೇಕು. ಎಲ್ಲ ಗೊತ್ತಾಗುವವರೆಗೆ ಕಾಯಬೇಕಾಗಿಲ್ಲ, ಉಳಿದದ್ದು ನಂತರ ಸೇರಿಸಬಹುದು.

ಬಲ್ಮಠ ರಸ್ತೆ

ನಿರ್ದೇಶಕರ ಬಗ್ಗೆ. ಸಂಸ್ಥೆ ಅಪರಾಧ ಮಾಡಿದಾಗ ಅದರ ದೈನಂದಿನ ವ್ಯವಹಾರದ ಹೊಣೆ ಹೊತ್ತವರೂ ತಪ್ಪಿತಸ್ಥರು ಎನ್ನುವುದು ಐಟಿ ಕಾಯ್ದೆಯ 85. 'ಕಂಪನಿ' ಎಂಬ ಪದದಲ್ಲಿ ವ್ಯಕ್ತಿಗಳ ಸಂಘವೂ ಸೇರ್ತದೆ, ಆದ್ದರಿಂದ ಸಹಕಾರಿಗೂ ಅನ್ವಯ. ಆದರೆ ಗುಮಾಸ್ತ ತನ್ನ ಲಾಭಕ್ಕೆ ಮಾಡಿದ ಕಳವು ಸಂಸ್ಥೆಯ ಅಪರಾಧ ಅಲ್ಲ; ಅದರಲ್ಲಿ ಸಂಸ್ಥೆ ದೂರುದಾರ. ಸಂಸ್ಥೆಯದ್ದೇ ಆಗುವುದು ವರದಿ ಮಾಡದಿರುವುದು, ಲಾಗ್ ಇಡದಿರುವುದು. ಅದರಲ್ಲೂ 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದು: ಸಂಸ್ಥೆಯನ್ನೇ ಆರೋಪಿಯಾಗಿ ಸೇರಿಸದೆ, ಅದರ ಪರವಾಗಿ ಹೊಣೆ ಎಂದು ನಿರ್ದೇಶಕರನ್ನು ಮಾತ್ರ ಎಳೆಯಲಿಕ್ಕಾಗುವುದಿಲ್ಲ. ತನಗೆ ಗೊತ್ತಿರಲಿಲ್ಲ, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸಿದ ನಿರ್ದೇಶಕ 85ರ ಹೊಣೆಯಿಂದ ಹೊರಗೆ. ಅದಕ್ಕೆ ಬೇಕಾದ್ದು ಭಾಷಣ ಅಲ್ಲ, ನಡಾವಳಿ ಪುಸ್ತಕ. ಇವತ್ತು ತುರ್ತು ಸಭೆ ಕರೆದು, ಗೊತ್ತಾದದ್ದೇನು, ತೀರ್ಮಾನ ಏನು, ವಿರೋಧ ಯಾರದ್ದು ಎಂದು ಬರೆಯಿರಿ. ಮುಚ್ಚಿಡುವ ಅಂದವರ ಜೊತೆ ಸುಮ್ಮನೆ ಕೂತ ನಿರ್ದೇಶಕನಿಗೆ ಇದೇ ಕಲಮಿನ ಎರಡನೇ ಉಪಕಲಮು ಉಂಟು: ಸಮ್ಮತಿ, ಕಂಡೂ ಕಾಣದಂತಿರುವುದು, ನಿರ್ಲಕ್ಷ್ಯ.

ಇನ್ನೊಂದು. ಆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ವಿಷಯ ಚರ್ಚೆಯಾಗಿದೆಯಲ್ಲ, ಯಾರೂ ಯಾವ ಸಂದೇಶವನ್ನೂ 'ಎಲ್ಲರಿಗೂ ಅಳಿಸು' ಮಾಡಬಾರದು. ಸಾಕ್ಷಿಯಾಗಿ ಹಾಜರುಪಡಿಸಬೇಕಾಗಿ ಬರಬಹುದಾದ ವಿದ್ಯುನ್ಮಾನ ದಾಖಲೆಯನ್ನು, ಹಾಜರಾಗದಿರಲಿ ಎಂದು ನಾಶ ಮಾಡಿದರೆ ಬಿಎನ್‌ಎಸ್ 241, 3 ವರ್ಷದವರೆಗೆ.

ರಾಜಿ ವಿಷಯ: 66, 72ಎ, 66ಸಿ ರಾಜಿಯಾಗಬಲ್ಲ ಅಪರಾಧಗಳೇ, ಆದರೆ 77ಎ ಪ್ರಕಾರ ಅದು ಕೋರ್ಟಿನ ಮುಂದೆ ಆಗಬೇಕಾದ್ದು. ಹೆಂಗಸಿನ ಅಥವಾ 18ರೊಳಗಿನ ಮಕ್ಕಳ ಮೇಲೆ ನಡೆದ ಅಪರಾಧಕ್ಕೆ ಆ ದಾರಿಯೂ ಇಲ್ಲ. ಆ್ಯಪ್ ಸಾಲದಲ್ಲಿ ನೊಂದವರು ಇಬ್ಬರೂ ಹೆಂಗಸರು ಎಂದು ನೀವೇ ಬರೆದಿದ್ದೀರಿ. ಮಾಹಿತಿ ಸದಸ್ಯರದ್ದು, ಅದನ್ನು ಬಿಟ್ಟುಕೊಡುವ ಹಕ್ಕು ಮಂಡಳಿಗಿಲ್ಲ.

ಪಡುಬಿದ್ರಿ ಪಡುಗಾಳಿ

ಬಲ್ಮಠದವರು ಹೇಳಿದ್ದರಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಡೇಟಾ ನಕಲಿಗೇ ಬಿಎನ್‌ಎಸ್ 316, 303 ಎಲ್ಲ ಸೇರಿಸಿ ದೂರು ಕೊಡುವ ಅಭ್ಯಾಸ ಇದೆ. ಐಟಿ ಕಾಯ್ದೆ ವಿಶೇಷ ಕಾಯ್ದೆ, ಅದೇ ಕೃತ್ಯಕ್ಕೆ ಸಾಮಾನ್ಯ ದಂಡ ಸಂಹಿತೆ ನಿಲ್ಲುವುದಿಲ್ಲ ಎಂದು 2018ರಲ್ಲಿ ಬಾಂಬೆ ಹೈಕೋರ್ಟ್, ನೌಕರರು ಕಂಪನಿಯ ಡೇಟಾ ಒಯ್ದ ಪ್ರಕರಣದಲ್ಲೇ ಹೇಳಿತ್ತು. ಅದು ನಮ್ಮ ಹೈಕೋರ್ಟನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ಆರೋಪಿಯ ವಕೀಲರು ಮೊದಲು ಎತ್ತುವುದು ಅದನ್ನೇ. ಹಾಗಾಗಿ ದೂರನ್ನು ಎರಡು ಭಾಗ ಮಾಡಿ. ಒಂದರಲ್ಲಿ ಮಾಹಿತಿ ನಕಲು ಮತ್ತು ಹಂಚಿಕೆ: 66, 72ಎ. ಇನ್ನೊಂದರಲ್ಲಿ ಕಾಗದದ ಮೇಲಿನ ಸುಳ್ಳು ಸಹಿ, ಅದರಿಂದ ಹೋದ ಹಣ: ಬಿಎನ್‌ಎಸ್. ಆ ಹೆಚ್ಚುವರಿ ಸಾಲದ ಹಣ ನಗದಾಗಿ ಹೋಗಿದ್ದರೆ ವೋಚರ್ ಮೇಲಿನ ಸಹಿ, ಖಾತೆಗೆ ಹೋಗಿದ್ದರೆ ಯಾರ ಖಾತೆ ಎಂಬುದು ನೋಡಬೇಕು. ಒಂದು ಭಾಗ ಬಿದ್ದರೂ ಇನ್ನೊಂದು ನಿಲ್ತದೆ. ಸಹಿ ಪರೀಕ್ಷೆಗೆ ಮೂಲ ಅರ್ಜಿ ಬೇಕು. ಜೊತೆಗೆ ಆ ಸದಸ್ಯರು ವಿವಾದ ಶುರುವಾಗುವ ಮೊದಲು ಮಾಡಿದ ಹತ್ತಾರು ಸಹಿ, ಅಂದರೆ ಖಾತೆ ತೆರೆದ ಅರ್ಜಿ, ಹಳೇ ಚಲನ್, ಮಹಾಸಭೆಯ ಹಾಜರಿ. ಈಗ ಕೂರಿಸಿ ಮಾಡಿಸಿದ ಸಹಿ ಒಂದೇ ಇದ್ದರೆ ಹೋಲಿಕೆ ಬಲವಾಗುವುದಿಲ್ಲ.

ಠಾಣೆ: ಉಡುಪಿಯಲ್ಲಾದರೆ ಉಡುಪಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ, ಮಂಗಳೂರು ನಗರದಲ್ಲಾದರೆ ನಗರ ಸೆನ್ ಠಾಣೆ. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವ ಹಾಗಿಲ್ಲ (78), ಎಸ್‌ಐ ಇರುವ ಊರಿನ ಠಾಣೆಯಲ್ಲಿ ಕೊಟ್ಟು ತನಿಖೆಯೂ ಅಲ್ಲೇ ನಡೆದರೆ ಆ ಲೋಪ ವಿಚಾರಣೆಯಲ್ಲಿ ಬೆಳೆದು ನಿಲ್ತದೆ. ಯಾವ ಠಾಣೆಗೂ ವ್ಯಾಪ್ತಿಯ ನೆಪ ಹೇಳಿ ದೂರು ತಿರಸ್ಕರಿಸುವ ಅಧಿಕಾರ ಇಲ್ಲ, ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲೂ ದಾಖಲಿಸುವ ಶೂನ್ಯ ಎಫ್‌ಐಆರ್ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲೇ ಇದೆ. ಇಮೇಲಿನಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಅದನ್ನು ಮರೆತು ಎಫ್‌ಐಆರ್ ಆಗಲಿಲ್ಲ ಅನ್ನುವವರು ಬಹಳ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದು. ಅಷ್ಟಕ್ಕೆ ಗಾಬರಿ ಬೇಡ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆ, ಅದೂ ಆಗದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರಿಗೆ 175(3)ರ ಅರ್ಜಿ. ಎಸ್‌ಪಿಗೆ ಕೊಟ್ಟ ದಾಖಲೆ ಇಲ್ಲದೆ ನೇರ ಕೋರ್ಟಿಗೆ ಹೋದರೆ ಅರ್ಜಿ ವಾಪಸ್ ಬರ್ತದೆ.

66, 72ಎ ಎರಡೂ ಜಾಮೀನು ಸಿಗುವ ಅಪರಾಧ. ಅವನನ್ನು ಒಳಗೆ ಹಾಕಿಸುವುದೇ ಗುರಿಯಾದರೆ ನಿರಾಶೆಯಾಗ್ತದೆ. ಸಂಸ್ಥೆಗೆ ಬೇಕಾದ್ದು ಅವನ ಫೋನ್, ಪೆನ್‌ಡ್ರೈವ್, ಇಮೇಲ್ ಖಾತೆಯ ಜಪ್ತಿ. ಹಂಚಿಕೆ ನಿಲ್ಲಿಸಲು ಅದೇ ವಾರ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 39ನೇ ಆದೇಶದಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಅದೇ ಆದೇಶದ 7ನೇ ನಿಯಮದಲ್ಲಿ ಸಾಧನಗಳನ್ನು ಪರಿಶೀಲಿಸಿ ಜೋಪಾನ ಮಾಡಿಸುವ ಅವಕಾಶವೂ ಉಂಟು. ಪ್ರತಿವಾದಿಯಾಗಿ ಆ ಫೈನಾನ್ಸನ್ನೂ ಸೇರಿಸಬೇಕು. ಪಟ್ಟಿ ಬಳಸ್ತಿರುವುದು ಅವರು.

ತೆಂಕುಪೇಟೆ

ಎಲ್ಲರೂ ಸಂಸ್ಥೆಯ ಬಗ್ಗೆ ಹೇಳಿದ್ದೀರಿ, ಆ ಇಬ್ಬರು ಹೆಂಗಸರು ಮತ್ತು ಉಳಿದ ಸದಸ್ಯರ ಬಗ್ಗೆಯೂ ಬರಲಿ. 1928ರಲ್ಲಿ ಉಡುಪಿಯಲ್ಲೇ ಶುರುವಾದ ಪಿಗ್ಮಿ ವ್ಯವಸ್ಥೆ ನಿಂತಿರುವುದು ಮನೆ ಬಾಗಿಲಿಗೆ ಬರುವವರ ಮೇಲಿನ ನಂಬಿಕೆಯಿಂದ, ಹಾಗಾಗಿ ಸದಸ್ಯರಿಗೆ ಈ ಸುದ್ದಿ ಬೇರೆಯವರ ಬಾಯಿಂದ ಹೋಗಬಾರದು.

ಪ್ರತಿ ಸದಸ್ಯರಿಗೆ ಕನ್ನಡದಲ್ಲಿ ಒಂದು ಹಾಳೆಯ ಪತ್ರ. ಅದರಲ್ಲಿ ನಿಮ್ಮ ಯಾವ ಯಾವ ಮಾಹಿತಿ ಹೋಗಿದೆ, ಯಾವಾಗ, ಸಂಸ್ಥೆ ಯಾವ ಠಾಣೆಗೆ ದೂರು ಕೊಟ್ಟಿದೆ. 'ಕೆಲವು ತಾಂತ್ರಿಕ ಕಾರಣಗಳಿಂದ' ಎಂಬ ಮಾತು ಬೇಡವೇ ಬೇಡ. ಗುಮಾಸ್ತನ ಹೆಸರನ್ನೂ ಹಾಕಬೇಡಿ, ಅಪರಾಧ ಸಾಬೀತಾಗಿಲ್ಲ. ಆಮೇಲೆ ಅವರು ಮಾಡಬೇಕಾದ್ದು: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು, ಕಳೆದ 6 ತಿಂಗಳ ಆಧಾರ್ ದೃಢೀಕರಣ ಇತಿಹಾಸ ನೋಡುವುದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ತನ್ನ ಹೆಸರಿನಲ್ಲಿ ಎಷ್ಟು ಸಿಮ್ ಇದೆ ನೋಡಿ ತನ್ನದಲ್ಲದ್ದನ್ನು ವರದಿ ಮಾಡುವುದು. ವಯಸ್ಸಾದವರಿಗೆ ಇದು ಫೋನಿನಲ್ಲಿ ಮಾಡ್ಲಿಕ್ಕೆ ಬರುವುದಿಲ್ಲ. ಶಾಖೆಯಲ್ಲಿ ಒಂದು ವಾರ ಮೇಜು ಹಾಕಿ, ಅವರ ಎದುರಿನಲ್ಲೇ ಮಾಡಿಕೊಡಿ. ಒಟಿಪಿಯನ್ನು ಅವರೇ ಒತ್ತಲಿ.

ಆ್ಯಪ್ ಸಾಲ ಕಂಡವರು ಕ್ರೆಡಿಟ್ ಮಾಹಿತಿ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತ ತಕರಾರು ಹಾಕಬೇಕು, ಎಫ್‌ಐಆರ್ ಪ್ರತಿ ಅಥವಾ ಸೈಬರ್ ಪೋರ್ಟಲಿನ ಸ್ವೀಕೃತಿ ಸೇರಿಸಿ. 30 ದಿನದೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಹೇಳಿದೆ, 2024ರ ಏಪ್ರಿಲ್ 26ರಿಂದ ಜಾರಿ. ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು. ವಸೂಲಿಯವರು ಮನೆಗೆ ಬಂದರೆ ಒಂದು ರೂಪಾಯಿಯನ್ನೂ 'ಸದ್ಯಕ್ಕೆ ಇಷ್ಟು' ಅಂತ ಕೊಡಬಾರದು. ಸಾಲ ತನ್ನದೆಂದು ಒಪ್ಪಿಕೊಂಡ ಹಾಗೆ ವಾದ ಮಾಡ್ತಾರೆ. ಹಣ ಈಗಷ್ಟೇ ಖಾತೆಯಿಂದ ಹೋಗಿದ್ದರೆ ಎಲ್ಲಕ್ಕಿಂತ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನ್.

ಮತ್ತೆ, ತನಿಖೆ ಶುರುವಾದರೆ ಪೊಲೀಸರು ಬಿಎನ್‌ಎಸ್‌ಎಸ್ 94ರ ನೋಟಿಸ್ ಕೊಟ್ಟು ದಾಖಲೆ ಕೇಳ್ತಾರೆ. ಕೊಡದಿದ್ದರೆ ಬಿಎನ್‌ಎಸ್ 210. ಸಂಬಳದ ಪುಸ್ತಕವೂ ಹೊರಗೆ ಬರ್ತದೆ. ಸಿಬ್ಬಂದಿ ಸಂಬಳದಿಂದ ಪಿಎಫ್ ಮುರಿದು ಕಟ್ಟದೆ ಇದ್ದರೆ 316ರ ವಿವರಣೆಯ ಪ್ರಕಾರ ಅದೇ ನಂಬಿಕೆ ದ್ರೋಹ, ಅಲ್ಲಿ ಆರೋಪಿ ಗುಮಾಸ್ತ ಅಲ್ಲ. ಬಾಕಿ ಇದ್ದರೆ ಬಡ್ಡಿ ಸಮೇತ ಕಟ್ಟಿ. ಸಹಕಾರ ಇಲಾಖೆಯ ಉಪ ನಿಬಂಧಕರಿಗೂ ಲೆಕ್ಕಪರಿಶೋಧಕರಿಗೂ ನೀವೇ ಪತ್ರ ಬರೆದು ತಿಳಿಸಿ.

ಕಾಪು ದೀಪಸ್ತಂಭ

ಸರ್ಟ್-ಇನ್ ವರದಿ ಹೋಯಿತು, ನಿಜವಾದ ದಿನಾಂಕವನ್ನೇ ಹಾಕಿದೆವು. ನಾಳೆ ಬೆಳಿಗ್ಗೆ ಠಾಣೆಗೆ. ಒಂದೇ ಪ್ರಶ್ನೆ ಉಳಿದಿದೆ: ದೂರಿಗೆ ಆ ಎಕ್ಸೆಲ್ ಪಟ್ಟಿಯ ಪ್ರಿಂಟ್ ಲಗತ್ತಿಸಬೇಕಾ? ಅದರಲ್ಲಿ ಎಲ್ಲರ ಆಧಾರ್ ನಂಬರೂ ಇದೆ.

ಬಲ್ಮಠ ರಸ್ತೆ

ಬೇಡ. ಎಫ್‌ಐಆರ್ ಮತ್ತದರ ಲಗತ್ತುಗಳ ಪ್ರತಿ ಆರೋಪಿಗೂ ಹೋಗ್ತದೆ. ದೂರಿನಲ್ಲಿ ಫೈಲಿನ ಹೆಸರು, ಗಾತ್ರ, ಎಷ್ಟು ಸಾಲು, ಯಾವ ಯಾವ ಕಾಲಮ್, ಹ್ಯಾಶ್ ಸಂಖ್ಯೆ ಬರೆಯಿರಿ. ಫೈಲನ್ನು ಸೀಲ್ ಮಾಡಿದ ಪೆನ್‌ಡ್ರೈವಿನಲ್ಲಿ ತನಿಖಾಧಿಕಾರಿಗೆ ಪಂಚನಾಮೆಯಲ್ಲಿ ಒಪ್ಪಿಸಿ, 63(4)ರ ಪ್ರಮಾಣಪತ್ರ ಜೊತೆಗಿರಲಿ. ಮಾದರಿಗೆ ಪ್ರಿಂಟ್ ಕೇಳಿದರೆ ಐದು ಸಾಲು ಸಾಕು, ಆಧಾರಿನ ಮೊದಲ 8 ಅಂಕಿ ಮರೆಮಾಡಿ. ಸ್ವೀಕೃತಿಯಲ್ಲಿ ಪೆನ್‌ಡ್ರೈವಿನ ಸರಣಿ ಸಂಖ್ಯೆ ಬರೆಸಿಕೊಂಡೇ ಠಾಣೆಯಿಂದ ಹೊರಡಿ.